ಬೆಕ್ಕಿಗೆ ನೀರು ಹಾಕಿದ್ದು

ಬೆಕ್ಕು ತರಲು ನಾನು ಮಾಡಿದಷ್ಟು ತಯಾರಿಯನ್ನು ಜನ ಮಗಳ ಮದುವೆಗೂ ಮಾಡಲಿಕ್ಕಿಲ್ಲ. ಶಾಲೆಯಲ್ಲಿ ಕನ್ನಡ ಕಲಿಸುವವಳು. ಟಿಪ್ಪಣಿ ಬರೆದುಕೊಳ್ಳದೆ ತರಗತಿಗೆ ಕಾಲಿಟ್ಟವಳಲ್ಲ. ಬೆಕ್ಕಿನ ವಿಷಯಕ್ಕೂ ಹಾಳೆ ತುಂಬ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮಿಕ್ಸರಿನ ವೈರು ಮೇಲೆ ಕಟ್ಟಿದೆ, ಸೂಜಿ-ದಾರದ ಡಬ್ಬಿ ಕಪಾಟಿಗೆ ಹೋಯಿತು. ಲಿಲ್ಲಿ ಗಿಡ ಬೆಕ್ಕಿಗೆ ವಿಷವೆಂದು ಓದಿ, ಕುಂಡದ ಸಮೇತ ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಎದುರಿಗೆ ಮನೆ ಕಟ್ಟಿಸುತ್ತಿದ್ದವರನ್ನು ಕೇಳಿ ಒಂದು ಬುಟ್ಟಿ ಉಸುಕು ತಂದು, ಸೋಸಿ, ಬಚ್ಚಲ ಮೂಲೆಯಲ್ಲಿ ಬೆಕ್ಕಿನ ಶೌಚಕ್ಕೆಂದು ಟ್ರೇ ತುಂಬಿಸಿಟ್ಟೆ. ಉಳ್ಳಾಗಡ್ಡಿ ತಿನ್ನಲೂ ಹಿಂದೆಮುಂದೆ ನೋಡುವ ನಮ್ಮ ಮಡಿಯ ಮನೆಗೆ ಮೀನಿನ ಪೊಟ್ಟಣ ತಂದೆ. ಅಂಗಡಿಯಲ್ಲಿ ಅದನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ್ದೂ ಹೌದು.

ಬೆಕ್ಕೆಂದರೆ ಆಗದಿದ್ದ ಅವ್ವ ತೀರಿಕೊಂಡು ವರ್ಷವಾಗಿತ್ತು. ಧಾರವಾಡದ ಆ ಮನೆಯಲ್ಲಿ ನಾನೊಬ್ಬಳೇ. ಅವ್ವನ ಮಡಿಯನ್ನು ಅವಳ ಎದುರಿಗೇ ಆಡಿಕೊಂಡು ನಕ್ಕವಳು ನಾನು. “ನಗು, ನಗು. ನಾಳೆ ನಿನ್ನ ಹಣೇಬರಾ ಗೊತ್ತಾಗ್ತದ” ಎನ್ನುತ್ತಿದ್ದಳು ಅವ್ವ.

ಕಿಟಕಿಗಳಿಗೆ ಜಾಳಿ ಹಾಕಲು ತಾರಿಹಾಳದಿಂದ ಒಬ್ಬ ಮುಸ್ಲಿಂ ಸಾಹೇಬರು ಬಂದರು. ಅಲ್ಲೊಂದು ಸಣ್ಣ ಶೆಡ್ಡಿನಲ್ಲಿ ತಗಡಿನ ಕೆಲಸ ಅವರದು. ಅಳತೆ ತೆಗೆದುಕೊಳ್ಳುತ್ತ, “ಯಾಕ್ರಿ ಬಾಯಾರ, ಮಂಗ್ಯಾನ ಕಾಟ ಏನ್ರಿ?” ಎಂದು ಕೇಳಿದರು. ಬೆಕ್ಕು ಸಾಕುವವಳಿದ್ದೇನೆ ಎಂದೆ. ಅವರ ಮುಖ ಅರಳಿತು.

“ನಮ್ಮ ಬೆಕ್ಕು ಮೂರು ಮರಿ ಹಾಕೈತ್ರಿ. ಅದರಾಗ ಬೆಳ್ಳಂದೊಂದು ಐತಿ, ದಿನಾ ನನ್ನ ಬೂಟಿನ ಮ್ಯಾಲೆ ಮಕ್ಕೊಂತೈತಿ. ಅದನ್ನ ಯಾರಿಗೂ ಕೊಡಬಾರ್ದು ಅಂದ್ಕೊಂಡಿದ್ದೆ. ನೀವು ಇಷ್ಟು ಜ್ವಾಕಿ ಮಾಡಾಕತ್ತೀರಿ ಅಂದ್ರ ನಿಮಗ ಕೊಡ್ತೇನ್ರಿ.”

ನಾನು ಅವರಿಗೆ ಚಹಾ ಕೊಟ್ಟೆ, ನಮ್ಮ ಮನೆಯ ಒಳ್ಳೆಯ ಕಪ್ಪಿನಲ್ಲೇ. ಅವ್ವ ಇದ್ದಿದ್ದರೆ ಇದಾಗುತ್ತಿತ್ತೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎಂಥಾ ಜಂಬ ನೋಡಿ, ಒಂದು ಕಪ್ಪು ಚಹಾಕ್ಕೆ!

ರವಿವಾರ ಸಂಜೆ ಅವರ ಹೆಂಡತಿ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದಳು. ನನಗಿಂತ ಹತ್ತು-ಹದಿನೈದು ವರ್ಷ ಚಿಕ್ಕವಳು. ಮನೆಯನ್ನೆಲ್ಲ ನೋಡಿದಳು, ಉಸುಕನ್ನು ಬೆರಳಿಂದ ಮುಟ್ಟಿ ನೋಡಿದಳು. ಹೊರಡುವಾಗ ಒಂದೇ ಮಾತು ಹೇಳಿದಳು. “ಮೈಗೆ ನೀರು ಮಾತ್ರ ಹಾಕಬ್ಯಾಡ್ರಿ. ಥಂಡಿ ದಿನ, ಸಣ್ಣ ಜೀವ. ತನ್ನ ಮೈ ತಾನಽ ನೆಕ್ಕಿ ಸ್ವಚ್ಛ ಮಾಡ್ಕೊಂತೈತಿ.”

“ಎಲ್ಲಾ ಓದೇನಿ ತಂಗಿ, ಹೆದರಬ್ಯಾಡ” ಎಂದೆ. ಫ್ರಿಜ್ಜಿನ ಹಾಳೆಯಲ್ಲಿ ಅದನ್ನೂ ಬರೆದಿದ್ದೆ, ಕೆಂಪು ಪೆನ್ನಿನಲ್ಲಿ.

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮರಿ ದೇವರ ಮುಂದಿನ ಮಣೆಯ ಮೇಲೆ ಕೂತು ಕಾಲು ನೆಕ್ಕುತ್ತಿತ್ತು. ಎಲ್ಲಿ ಓಡಾಡಿತ್ತೋ, ಏನು ತಿಂದಿತ್ತೋ, ಯಾರ ಮನೆಯದೋ! ಯಾರ ಮನೆಯದೋ ಎಂಬ ಮಾತು ನನ್ನ ಮನಸ್ಸಿಗೆ ಬಂದದ್ದು ಖರೆ. ಯಾರ ಮನೆಯದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಸಂಜೆಯಷ್ಟೇ ತಂಗಿ ಎಂದು ಕರೆದವಳ ಮನೆಯದು.

ಬಚ್ಚಲಿಗೆ ಒಯ್ದೆ. ಬಕೆಟ್ಟಿನ ನೀರಿಗೆ ಒಂದು ಹಿಡಿ ಅರಿಷಿಣ ಕಲಸಿದೆ. ಕ್ರಿಮಿ ಇದ್ದರೆ ಸಾಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ತಂಬಿಗೆ ಎತ್ತಿದ ಕೂಡಲೇ ಬಾಯಿಗೆ ಸ್ನಾನದ ಮಂತ್ರ ಬಂತು. ಕ್ರಿಮಿ ಕೊಲ್ಲಲು ಯಾರಾದರೂ ಮಂತ್ರ ಹೇಳುತ್ತಾರೆಯೇ? ಮರಿ ಕಿರಿಚಿತು, ಕೈ ಪರಚಿತು; ನಾನು ಬಿಡಲಿಲ್ಲ. ಮೂರು ತಂಬಿಗೆ ಸುರಿದೆ. ಆಮೇಲೆ ಟವೆಲ್ಲಿನಿಂದ ಒರೆಸಿ, ಬುಟ್ಟಿಯಲ್ಲಿಟ್ಟು ಶಾಲೆಗೆ ಹೋದೆ. ಹೋಗಿ ಅವತ್ತು ಮಾಡಿದ ಪಾಠವೋ, ಜಾತಿ-ಮತ ಯಾವುದೂ ದೊಡ್ಡದಲ್ಲ ಎನ್ನುವ ಪದ್ಯ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಮಧ್ಯಾಹ್ನ ಬಂದು ನೋಡಿದರೆ ಮರಿ ಮಂಚದ ಕೆಳಗೆ ಹಸಿ ಅರಿವೆಯಂತೆ ಬಿದ್ದಿತ್ತು. ಮೈ ತಣ್ಣಗೆ. ಕರೆದರೆ ಕಣ್ಣು ಬಿಡಲಿಲ್ಲ. ದನದ ದವಾಖಾನೆಗೆ ಫೋನು ಮಾಡಿದೆ. ಡಾಕ್ಟರು ಹಳ್ಳಿಗೆ ಹೋಗಿದ್ದರು. ಬೇರೆ ದಾರಿ ಇರಲಿಲ್ಲ, ಸಾಹೇಬರ ಹೆಂಡತಿಗೇ ಮಾಡಿದೆ. ಅವಳು ಆಟೋ ಹಿಡಿದು ಓಡಿಬಂದಳು.

“ಏನಾತ್ರಿ?”

“ಬಕೆಟ್ನ್ಯಾಗ ಬಿತ್ತವಾ. ನಾ ನೋಡ್ಲೇ ಇಲ್ಲ.”

ತಡವರಿಸದೆ ಹೇಳಿದೆ. ಇದೇ ಸುಳ್ಳನ್ನು ಒಂದು ಹುಡುಗಿ ಹೇಳಿದ್ದರೆ ತರಗತಿಯ ಹೊರಗೆ ನಿಲ್ಲಿಸುತ್ತಿದ್ದೆ.

ಅವಳು ನೆಲದ ಮೇಲೇ ಕೂತು, ಮರಿಯನ್ನು ತನ್ನ ಬಿಳಿ ದುಪಟ್ಟಾದಲ್ಲಿ ಸುತ್ತಿ ಹೊಟ್ಟೆಗೆ ಅವಚಿಕೊಂಡಳು. ಬೆಚ್ಚಗಿನ ಸಕ್ಕರೆ ನೀರನ್ನು ಬೆರಳಿನಿಂದ ಅದರ ತುಟಿಗೆ ಸವರಿದಳು. ಮೈ ತಿಕ್ಕುತ್ತ ಸಣ್ಣ ದನಿಯಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದಳು. ನಡುವೆ ಒಮ್ಮೆ, “ನಂದಽ ತಪ್ಪರಿ. ಇನ್ನೊಂದೆಂಟು ದಿನ ತಾಯಿ ಕಡೆ ಬಿಡಬೇಕಿತ್ತು” ಎಂದಳು. ನಾನು ಬಾಯಿ ಬಿಡಲಿಲ್ಲ. ಹಾಗೆ ಸುಮ್ಮನಿದ್ದುದಕ್ಕೆ ನನಗೆ ಸುಳ್ಳಿಗಿಂತ ಹೆಚ್ಚು ನಾಚಿಕೆಯಾಗುತ್ತದೆ.

ತಾಸೆರಡು ತಾಸಾದ ಮೇಲೆ ಮರಿ ಮಿಯಾಂವ್ ಎಂದಿತು. ಅವಳು ಅಳುತ್ತಲೇ ನಕ್ಕಳು, ಅದನ್ನು ಹೊರಗೆ ತೆಗೆದಳು. ಬಿಳಿ ದುಪಟ್ಟಾದ ಮೇಲೆ ಅಂಗೈಯಷ್ಟು ಹಳದಿ ಕಲೆ. ಮರಿಯ ಹೊಟ್ಟೆಯ ರೋಮದ ಬುಡದಲ್ಲಿ ಅರಿಷಿಣ ಹಾಗೇ ಉಳಿದಿತ್ತು. ಅವಳು ನೋಡಿದಳು. ಅವಳು ನೋಡಿದ್ದನ್ನು ನಾನೂ ನೋಡಿದೆ. ಕಲೆಯಾದ ಸೆರಗನ್ನು ಒಳಗೆ ಮಡಚಿಕೊಂಡಳು.

ಮರಿಯನ್ನು ಹೊತ್ತುಕೊಂಡು ಹೋಗುತ್ತಾಳೆ ಎಂದುಕೊಂಡೆ. ಹೋಗಿದ್ದರೆ ತಡೆಯಲು ನನಗೆ ಮುಖವಿರಲಿಲ್ಲ. ಅವಳು ಅದನ್ನು ನನ್ನ ಕೈಗಿಟ್ಟು, “ಬಕೆಟ್ಟಿಗೊಂದು ಮುಚ್ಚಳಾ ಹಾಕ್ರಿ ಬಾಯಾರ” ಎಂದು ಹೇಳಿ ಹೋದಳು.

ಎರಡು ದಿನ ಬಿಟ್ಟು ಮತ್ತೆ ಬಂದಳು. ಕೈಯಲ್ಲಿ ಸಾಹೇಬರು ಮಾಡಿಕೊಟ್ಟ, ಪೇಪರಿನಲ್ಲಿ ಸುತ್ತಿದ ತಗಡಿನ ಮುಚ್ಚಳ. ನಡುವೆ ಹಿಡಿಕೆ, ಸುತ್ತಲೂ ಅಂಚನ್ನು ನಯವಾಗಿ ಮಡಚಿದ್ದರು. ಜಾಳಿ ಹಾಕಲು ಬಂದಾಗ ನೀರಿಗೆಂದು ಆ ಬಕೆಟ್ಟು ಬಳಸಿದ್ದರಂತೆ, ಅಳತೆ ನೆನಪಿತ್ತಂತೆ. ನನಗೆ ತಡೆದುಕೊಳ್ಳಲು ಆಗಲಿಲ್ಲ.

“ತಂಗಿ, ಅದು ಬಿದ್ದಿಲ್ಲವಾ. ನಾನಽ ನೀರು ಹಾಕಿದೆ.”

“ಗೊತ್ತೈತ್ರಿ.”

“ಯಾಕ ಹಾಕಿದೆ ಅಂದ್ರ—”

“ಅದೂ ಗೊತ್ತೈತ್ರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. “ನಮ್ಮನಿಯವರಿಗೆ ಮಾತ್ರ ಬಿತ್ತು ಅಂತಽ ಹೇಳೇನ್ರಿ. ಆ ದಿನ ಮರೀನ ತಿರುಗಿ ಒಯ್ದಿದ್ರ ಯಾಕಂತ ಕೇಳ್ತಿದ್ರು. ನೀವು ಛಲೋ ಕಪ್ಪಿನ್ಯಾಗ ಚಹಾ ಕೊಟ್ರಿ ಅಂತ ಮನಿಗೆ ಬಂದು ಎರಡ ಸಲ ಹೇಳ್ಯಾರ್ರಿ. ಅವರಿಗೆ ಗೊತ್ತಾಗೂದು ಬ್ಯಾಡ.”

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅವರೇ. ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತಳು.

“ಮುಚ್ಚಳಾ ಸರಿ ಕುಂತೈತೇನ್ರಿ ಬಾಯಾರ? ಮರೀ ಕಾಲಿಗೆ ಹತ್ತಬಾರ್ದು ಅಂತ ಅಂಚು ಮಡಚೇನ್ರಿ.”

“ಛಲೋ ಕೂತದರಿ ಭಾಯಿ” ಎಂದೆ. “ಇನ್ನ ಬೀಳಂಗಿಲ್ಲ.”