ಓಣಿಯ ಕೊನೆಯ ಬೇವು

ಸೆಗಣಿ ಗೊಬ್ಬರ, ಕೆಂಪು ಮಣ್ಣು, ಅದರ ಮೇಲೆ ಆಗಷ್ಟೇ ಚಿಮುಕಿಸಿದ ನೀರು ಸೇರಿದರೆ ಬರುವ ವಾಸನೆ ನನಗೆ ಅವ್ವನದು. ಮೊನ್ನೆ ತಿಕೋಟಾ ರಸ್ತೆಯಲ್ಲಿ ಸಸಿ ಮಾರುವವರ ಮುಂದೆ ಬಸ್ಸು ನಿಂತಾಗ ಅದು ಕಿಟಕಿಯೊಳಗೆ ನುಗ್ಗಿತು. ನಾನು ಐವತ್ತು ದಾಟಿದ ಹೆಂಗಸು ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಅವ್ವ ಶಾಂತವ್ವ ನರ್ಸರಿಯಲ್ಲಿ ಕೂಲಿಗಿದ್ದಳು, ಕರಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವ ಕೆಲಸ. ಸಂಜೆ ಬಂದು ನನ್ನ ಜಡೆ ಹಾಕುವಾಗ ಆ ವಾಸನೆ ಅವಳ ಬೆರಳುಗಳಿಂದ ನನ್ನ ಕೂದಲಿಗೆ ಇಳಿಯುತ್ತಿತ್ತು.

ವಿಜಯಪುರದ ಒಂದು ಓಣಿಯ ಕೊನೆಗೆ ನಮ್ಮ ಎರಡು ಕೋಣೆಯ ತಗಡಿನ ಮನೆ. ಗೋಡೆಯ ಮೇಲೆ ಬುದ್ಧನ ಫೋಟೊ, ಮುಂದೆ ಕಸ ಬೀಳುವ ಬಯಲು, ಅದರಾಚೆ ಕಿರಾಣಿ ಅಂಗಡಿಯ ಗಂಗಕ್ಕನ ಕಲ್ಲಿನ ಮನೆ. ಅವರಲ್ಲಿ ಸಕ್ಕರೆ ಕೊಳ್ಳುತ್ತಿದ್ದೆವು, ಮಾತೂ ಆಡುತ್ತಿದ್ದೆವು; ಆದರೆ ಅವರು ನಮ್ಮ ಮನೆಯ ನೀರು ಕುಡಿದವರಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದು ಮಳೆಗಾಲ, ಸೊಟ್ಟಗಿದೆಯೆಂದು ನರ್ಸರಿಯವರು ಬಿಸಾಕಿದ ಬೇವಿನ ಸಸಿಯನ್ನು ಅವ್ವ ಸೆರಗಿನಲ್ಲಿ ಸುತ್ತಿ ತಂದು, ಆ ಕಸದ ಜಾಗ ಗುಡಿಸಿ ನೆಟ್ಟಳು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಅದಕ್ಕೇ. ಇದು ಜಾಗ ಹಿಡಿಯುವ ಹುನ್ನಾರ ಎಂದು ಗಂಗಕ್ಕ ಓಣಿ ತುಂಬ ಹೇಳಿಕೊಂಡು ತಿರುಗಿದಳು. ಅವ್ವ ನೀರು ಹಾಕುವುದನ್ನು ಬಿಡಲಿಲ್ಲ.

ಮರುವರ್ಷದ ಕಡುಬೇಸಿಗೆಯಲ್ಲಿ ಮಮದಾಪುರದಲ್ಲಿ ನಮ್ಮಜ್ಜಿ, ಅವ್ವನ ತಾಯಿ, ಹಾಸಿಗೆ ಹಿಡಿದಳು. ನಾವು ಹೋಗಿ, ಅವಳನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ತಿಂಗಳಾಗಿತ್ತು. ನಳದ ನೀರು ವಾರಕ್ಕೊಮ್ಮೆ ಬರುತ್ತಿದ್ದ ದಿನಗಳು. ಬಸ್ಸಿನಲ್ಲಿ ಅವ್ವ, ಗಿಡ ಒಣಗಿರುತ್ತದೆ ಎಂದು ಒಮ್ಮೆ ಅಂದಳು, ಆಮೇಲೆ ಅತ್ತಳು. ಅಜ್ಜಿಗಾಗಿ ಅತ್ತಳೋ ಗಿಡಕ್ಕಾಗಿಯೋ ನನಗೆ ತಿಳಿಯಲಿಲ್ಲ. ಬಂದು ನೋಡಿದರೆ ಬುಡದ ಮಣ್ಣು ಹಸಿಯಾಗಿತ್ತು, ತುದಿಯಲ್ಲಿ ಕೆಂಪು ಚಿಗುರು. ಗಂಗಕ್ಕ ಖಾಲಿ ಕೊಡ ಹಿಡಿದು ತನ್ನ ಬಾಗಿಲಲ್ಲಿ ನಿಂತಿದ್ದಳು.

"ಜೀವಾ ಇರೂದು ಕಣ್ಣೆದುರಿಗೆ ಒಣಗಾಕತ್ತಿದ್ರ ಹೆಂಗ ನೋಡ್ಕೋತ ಕುಂದರ್ಲಿ, ಶಾಂತಾ?" ಎಂದಳು. ಕೊಡ ಕೆಳಗಿಟ್ಟು, "ನಿಮ್ಮವ್ವ ಹೋದ್ಲಂತ, ಕೇಳಿದೆ" ಎಂದಳು.

ಅವ್ವ ಒಳಗೆ ಹೋಗಿ ಚಹಾ ಮಾಡಿ ತಂದಳು. ಆ ಮೊಣಕಾಲೆತ್ತರದ ಗಿಡದ ಪಕ್ಕ ಇಬ್ಬರೂ ಬಿಸಿಲಲ್ಲೇ ಕೂತು ಕುಡಿದರು.

ನಿಮ್ಮ ಓಣಿಯಲ್ಲೂ ಇಂಥದೊಂದು ಗಿಡ ಇದ್ದಿರಬೇಕು. ನಮ್ಮದು ಬೆಳೆದಂತೆಲ್ಲ ಎರಡೂ ಕಡೆಯ ಹೆಂಗಸರು ಜೋಳ ಹಸನು ಮಾಡಿದ್ದು ಅಲ್ಲೇ, ನಾವು ಮಗ್ಗಿ ಬಾಯಿಪಾಠ ಮಾಡಿದ್ದು ಅಲ್ಲೇ, ಕಾಯಿಪಲ್ಲೆಯವಳು ಬುಟ್ಟಿ ಇಳಿಸಿದ್ದೂ ಅಲ್ಲೇ. ಅವ್ವ ತೀರಿದಾಗ ಮನೆಯೊಳಗೆ ಜಾಗ ಸಾಲದೆ ಅದರ ನೆರಳಲ್ಲೇ ಮಲಗಿಸಿದೆವು. ಗಂಗಕ್ಕ ಸಂಜೆಯವರೆಗೆ ಅವಳ ತಲೆಯ ಹತ್ತಿರದಿಂದ ಏಳಲಿಲ್ಲ. ಈಗ ಗಂಗಕ್ಕನೂ ಇಲ್ಲ. ಎರಡೂ ಮನೆಗಳ ಜಾಗದಲ್ಲಿ ಮೂರಂತಸ್ತಿನ ಕಟ್ಟಡಗಳು ಎದ್ದಿವೆ.

ಮೊನ್ನೆ ಆ ವಾಸನೆ ಬಂದ ದಿನ ಬಸ್ಸಿಳಿದು ಸೀದಾ ಅಲ್ಲಿಗೇ ಹೋದೆ. ಬೇವಿನ ಕೆಳಗೆ ನನಗೆ ಗುರುತಿಲ್ಲದ ಹೆಂಗಸರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಈ ಗಿಡ ನೆಟ್ಟವರು ಯಾರೆಂದು ಒಬ್ಬ ಮುದುಕಿಯನ್ನು ಕೇಳಿದೆ.

"ಯಾರ್ ಹಚ್ಚಿದ್ರೋ ಏನೋ, ನಾವು ಬರೂಕಿಂತ ಮೊದ್ಲ ಐತಿ" ಎಂದಳು.

ಅವ್ವನ ಹೆಸರು ನಾಲಿಗೆಯ ತುದಿಗೆ ಬಂತು, ಹೇಳಲಿಲ್ಲ. ಆಕೆ ಸೊಪ್ಪಿನ ರಾಶಿ ಸರಿಸಿ ಜಾಗ ಮಾಡಿದಳು.

"ಬಿಸಲಾಗ ಯಾಕ ನಿಂತೀ ಬೇ, ಬಾ, ಕೂಡು."

ಕೂತೆ. ಮಾತಿನ ನಡುವೆ ಒಂದು ಸಿವುಡು ಮೆಂತ್ಯ ನನ್ನ ಮುಂದೆಯೂ ಬಂತು. ಬಿಡಿಸತೊಡಗಿದೆ.