ಟವೆಲ್ಲಿನ ಅಡಿಯ ಬೆಲೆ

ಮೊನ್ನೆ ಶಿಕಾರಿಪುರದ ನನ್ನ ಪಂಪ್‌ಸೆಟ್ ಅಂಗಡಿಗೆ ಪೈಪ್ ಕೊಳ್ಳಲು ಬಂದ ಕುರಿಗಾರರೊಬ್ಬರು ಹೆಗಲ ಮೇಲಿನ ಟವೆಲ್ ತೆಗೆದು ಕೌಂಟರ್ ಮೇಲೆ ಇಟ್ಟರು. ಬೆವರು, ಉಣ್ಣೆ, ಕುರಿಯ ಮೈಯ ಜಿಡ್ಡು ಎಲ್ಲ ಬೆರೆತ ವಾಸನೆ. ಪೈಪಿನ ರೇಟು ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ನಮ್ಮ ಮೇಷ್ಟ್ರು ಕಣ್ಣಮುಂದೆ ಬಂದಿದ್ದರು...

ವಿಶ್ವವಿದ್ಯಾಲಯದಲ್ಲಿ ಅವರು ನಮಗೆ ಜಾಗತೀಕರಣದ ನೈತಿಕತೆ ಪಾಠ ಮಾಡುತ್ತಿದ್ದರು. ಸೊರಬದವರು, ಮೆತ್ತಗಿನ ದನಿ. ನಾನು ಸಂತೆಗಳಲ್ಲಿ ಪ್ಲಾಸ್ಟಿಕ್ ಸಾಮಾನು ಮಾರಿ ಫೀಸು ಕಟ್ಟಿಕೊಂಡು ಎಂ.ಎ. ಓದುತ್ತಿದ್ದವನು. ಆ ಪೇಪರ್ ತೆಗೆದುಕೊಂಡದ್ದು ಕೂಡ ಅದರ ಕ್ಲಾಸು ನನ್ನ ವ್ಯಾಪಾರಕ್ಕೆ ಅಡ್ಡ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ. ಆದರೆ ಕೂತು ಕೇಳಿದರೆ ಅಲ್ಲಿದ್ದದ್ದೂ ವ್ಯಾಪಾರದ ಮಾತೇ. ಬಡ ದೇಶವೂ ಶ್ರೀಮಂತ ದೇಶವೂ ಒಪ್ಪಂದಕ್ಕೆ ಕೂತಾಗ ಬಾಗಿಲು ಮುಚ್ಚುವುದು ಯಾರ ಲಾಭಕ್ಕೆ? ಎಲ್ಲವೂ ಬಯಲಿನಲ್ಲಿ ನಡೆದರೆ ಅರ್ಧ ಅನ್ಯಾಯ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಮೇಷ್ಟ್ರ ಗಟ್ಟಿ ನಂಬಿಕೆ.

ಒಮ್ಮೆ ನಾನೆದ್ದು, "ಸಾರ್, ನಮ್ ಶಿರಾಳಕೊಪ್ಪದ ಕುರಿ ಸಂತೇಲಿ ಮುಚ್ಕಂಡೇ ವ್ಯಾಪಾರ ಮಾಡೋದು" ಎಂದೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವರು, ಮಾರುವವರು ಕೈಗಳ ಮೇಲೆ ಟವೆಲ್ ಹಾಕಿ, ಅದರಡಿ ಎದುರಿನವರ ಬೆರಳು ಹಿಡಿದು ತಿಳಿಸುತ್ತಾರೆ. ಎಷ್ಟು ಬೆರಳು ಹಿಡಿದರು ಎಂಬುದೇ ಬೆಲೆಯ ಲೆಕ್ಕ. ಮೇಷ್ಟ್ರಿಗೆ ಕುತೂಹಲ ತಡೆಯಲಾಗಲಿಲ್ಲ. ಮುಂದಿನ ಸಂತೆಗೆ ಇಡೀ ತರಗತಿಯನ್ನು ಕರೆದುಕೊಂಡು ಬಂದರು.

ತೊಗರ್ಸಿ ಕಡೆಯ ವಯಸ್ಸಾದವರೊಬ್ಬರು ದೊಡ್ಡ ಟಗರು ಹಿಡಿದು ನಿಂತಿದ್ದರು. ಹೆಂಡತಿ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆ, ನಾಳೆ ಆಪರೇಷನ್, ಟಗರು ಇವತ್ತೇ ಹೋಗಬೇಕು ಎಂದು ನಮಗೆ ಪಿಸುಗುಟ್ಟಿದರು. ಗಿರಾಕಿ ಹತ್ತಿರ ಬಂದಾಗ ಮಾತ್ರ ಆ ಸುದ್ದಿ ಎತ್ತಲಿಲ್ಲ. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಇವತ್ತಿಗೂ ಹೇಳುವುದು ಅದನ್ನೇ. ನಿಮ್ಮ ಅವಸರ ಎದುರಿನವರಿಗೆ ಗೊತ್ತಾಗಬಾರದು.

ಗಿರಾಕಿ ಟವೆಲ್ ಮುಚ್ಚಿ ಬೆರಳು ಹಿಡಿದ. ಅಜ್ಜನ ಮುಖ ಸಣ್ಣದಾಯಿತು. ಅದನ್ನು ನೋಡಿದ ಮೇಷ್ಟ್ರಿಗೆ ಏನನ್ನಿಸಿತೋ, ನಾನು ತಡೆಯುವಷ್ಟರಲ್ಲಿ ಮುಂದೆ ಹೋಗಿ ಟವೆಲ್ ಎಳೆದೇಬಿಟ್ಟರು. "ಬಾಯಿಬಿಟ್ಟು ಹೇಳಿ. ಎಲ್ಲರಿಗೂ ಕೇಳಲಿ."

ಗಿರಾಕಿಯ ಮುಷ್ಟಿಯಲ್ಲಿ ಅಜ್ಜನ ಮೂರು ಬೆರಳು. ಸುತ್ತ ನಿಂತವರೆಲ್ಲ ನೋಡಿದರು.

"ಯಾರ್ರೀ ಇವ್ರು? ನಂಗೆ ನಿನ್ ಟಗರೇ ಬ್ಯಾಡ" ಎಂದು ಗಿರಾಕಿ ಕೈ ಕೊಡವಿ ಹೊರಟ. ಅವನ ಹಿಂದೆ ಕಾಯುತ್ತಿದ್ದವರಲ್ಲಿ ಒಬ್ಬ, "ಅವ್ನೇ ಮೂರು ಹಿಡ್ದಿದ್ರೆ ನಾನ್ಯಾಕ್ ಜಾಸ್ತಿ ಹಿಡೀಲಿ?" ಎಂದು ನಕ್ಕ. ಉಳಿದವರೂ ಸರಿದರು.

"ಎಂಥಾ ಕೆಲ್ಸ ಮಾಡಿಬಿಟ್ರಿ ಸ್ವಾಮಿ," ಎಂದರು ಅಜ್ಜ. "ಅವ ಕಮ್ಮಿ ಹಿಡ್ದಿದ್ದು ಇವರಿಗೆ ಗೊತ್ತಿರ್ಲಿಲ್ಲ. ಇವ್ರು ಜಾಸ್ತಿ ಹಿಡೀತಿದ್ರು."

ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲ. ಅಷ್ಟರಲ್ಲಿ ಜನ ಮುತ್ತಿಕೊಂಡರು. ದಲ್ಲಾಳಿಗಳು ಕಳಿಸಿದ ಜನ, ರೇಟು ಒಡೆಯಲು ಬಂದಿದ್ದಾರೆ ಎಂದು ಯಾರೋ ಕೂಗಿದರು. ಒಬ್ಬ ಮೇಷ್ಟ್ರ ಕಾಲರಿಗೆ ಕೈ ಹಾಕಿದ. ನನ್ನ ಸಹಪಾಠಿಗಳು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದರು. ನಾನು ಹೆಗಲ ಟವೆಲ್ ತೆಗೆದು ಮೇಷ್ಟ್ರ ಕೈ, ಅಜ್ಜನ ಕೈ ಸೇರಿಸಿ ಮುಚ್ಚಿದೆ.

"ಮೇಷ್ಟ್ರಿಗೆ ಟಗರು ಬೇಕಾಗೈತಿ. ಪದ್ಧತಿ ಗೊತ್ತಿಲ್ಲ, ಅಷ್ಟೇ. ವ್ಯಾಪಾರ ಆಗಕ್ಕೆ ಬಿಡ್ರಿ."

ಟವೆಲ್ ಬಿದ್ದ ಮೇಲೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಕಾಲರ್ ಹಿಡಿದವನೂ ಕೈ ಬಿಟ್ಟ. ಆದರೆ ದೂರ ಹೋಗಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಟವೆಲ್ಲಿನಡಿ ಏನೋ ಅಲುಗಿತು. ಅಜ್ಜ ಬೇಡವೆಂದು ತಲೆಯಾಡಿಸಿದರು. ಮತ್ತೆ ಅಲುಗಿತು. ಮತ್ತೆ ತಲೆಯಾಡಿಸಿದರು. ಅವರು ಕಮ್ಮಿಯಾಯಿತು ಎನ್ನುತ್ತಿದ್ದರೋ, ಇಷ್ಟೊಂದು ಬೇಡ ಎನ್ನುತ್ತಿದ್ದರೋ... ಕೊನೆಗೆ ಅಜ್ಜ ಹಗ್ಗವನ್ನು ಮೇಷ್ಟ್ರ ಕೈಗಿಟ್ಟರು.

"ಮೇಷ್ಟ್ರು ಕುರಿ ತಿಂತಾರೇನ್ರಿ?" ಎಂದು ಗುಂಪಿನಿಂದ ಯಾರೋ ಕೇಳಿದರು.

"ಇಲ್ಲ," ಎಂದರು ಮೇಷ್ಟ್ರು. ಸಂತೆಯೇ ನಕ್ಕಿತು. ಅಲ್ಲಿಗೆ ನಾವು ಬದುಕಿದೆವು. ಅಜ್ಜನ ಮಗನ ನಂಬರಿಗೆ ಮೊಬೈಲಿನಲ್ಲಿ ದುಡ್ಡು ಹಾಕುವಾಗ ಮೇಷ್ಟ್ರು ಪರದೆಗೆ ಅಂಗೈ ಅಡ್ಡ ಹಿಡಿದಿದ್ದರು.

ಟಗರು ಲಗೇಜ್ ಆಟೋದಲ್ಲಿ ಸೊರಬಕ್ಕೆ ಹೋಯಿತು. "ಇದಕ್ಕೂ ಇಂಟರ್ನಲ್ ಮಾರ್ಕ್ಸ್ ಇದೆಯಾ ಸಾರ್?" ಎಂದು ಹಿಂದಿನ ಬೆಂಚಿನವರು ತಮಾಷೆ ಮಾಡಿದರೂ ಮೇಷ್ಟ್ರು ಆ ದಿನ ನಗಲಿಲ್ಲ. ಆಪರೇಷನ್ ಸರಿಯಾಯಿತು ಎಂದು ಅಜ್ಜನ ಮಗ ಫೋನ್ ಮಾಡಿದ ಮೇಲೆಯೇ ಮತ್ತೆ ಪಾಠ ಶುರುವಾದದ್ದು. ಬೋರ್ಡಿನ ಮೇಲೆ ಹೊಸ ಪ್ರಶ್ನೆ ಬರೆದರು: ಮುಚ್ಚಿಟ್ಟದ್ದು ಯಾರನ್ನು ಕಾಯುತ್ತದೆ? ದೊಡ್ಡ ದೇಶಗಳ ಮುಚ್ಚಿದ ಬಾಗಿಲೂ ಅಜ್ಜನ ಕೈ ಮೇಲಿನ ಟವೆಲ್ಲೂ ಒಂದೇ ಅಲ್ಲ ಎಂದು ನಾನು ವಾದಿಸಿದೆ. ಟವೆಲ್ಲಿನಡಿ ಮೋಸವೂ ನಡೆಯುತ್ತದಲ್ಲ ಎಂದು ಅವರು. ಆ ಜಗಳ ಪರೀಕ್ಷೆಯವರೆಗೂ ಮುಗಿಯಲಿಲ್ಲ.

ಆಮೇಲೂ ಸೊರಬಕ್ಕೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಟಗರು ಪಕ್ಕದ ಮನೆಯ ಹೂಗಿಡ ಮೇಯ್ದು ಬೈಸಿಕೊಂಡು ಚೆನ್ನಾಗಿಯೇ ಇತ್ತು. "ಅವತ್ತು ಎಷ್ಟಕ್ಕೆ ಮುಗೀತು ಸಾರ್?" ಎಂದು ಪ್ರತಿ ಸಲವೂ ಕೇಳುತ್ತಿದ್ದೆ. ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು, ಬೆಲೆ ಗೊತ್ತಾಗದಿದ್ದರೆ ನಿದ್ದೆ ಬಾರದು. ಎಲ್ಲವೂ ಬಯಲಾಗಬೇಕು ಎನ್ನುತ್ತಿದ್ದ ಮನುಷ್ಯ ನಕ್ಕು, "ಆ ಗುಟ್ಟು ನನ್ನೊಬ್ಬನದಲ್ಲ ಮಾರಾಯ, ಆ ಅಜ್ಜನದ್ದೂ ಹೌದು" ಎನ್ನುತ್ತಿದ್ದರು.

ಕಳೆದ ವರ್ಷ ಮೇಷ್ಟ್ರು ಹೋದರು. ಟಗರು ಅದಕ್ಕೂ ಮೊದಲೇ ಹೋಗಿತ್ತು. ಅಂಗಳದಲ್ಲಿ ಗೂಟ ಮಾತ್ರ ಇತ್ತು... ಅಜ್ಜನ ಮಗನನ್ನು ಕೇಳಿದರೆ ಟವೆಲ್ ಎಳೆದಂತೆಯೇ, ಆ ಬೆಲೆ ಇನ್ನು ನನಗೆ ಗೊತ್ತಾಗುವುದಿಲ್ಲ. ಕೇಳಿದರೆ ನಗುವವರೂ ಇಲ್ಲ.

"ಯಾಕ್ರೀ ಸುಮ್ನಾದ್ರಿ? ರೇಟ್ ಹೇಳ್ರಿ," ಎಂದರು ಕುರಿಗಾರರು. ಅವರ ಹಿಂದೆ ಬೇರೆ ಗಿರಾಕಿಗಳು ಕಿವಿ ನಿಮಿರಿಸಿ ನಿಂತಿದ್ದರು. ನಾನು ಕುರಿಗಾರರ ಟವೆಲ್ಲನ್ನೇ ಎಳೆದುಕೊಂಡು ನಮ್ಮಿಬ್ಬರ ಕೈ ಮುಚ್ಚಿ, ಅವರ ಬೆರಳು ಹಿಡಿದೆ.