ಕ್ಯಾರಿಯರ್‌ಗೆ ಕಟ್ಟಿದ ಗೆಜ್ಜೆ

ಫಕೀರಪ್ಪಕಾಕಾ ಧೋತರದ ಚುಂಗನ್ನು ಮೇಲಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ತಮ್ಮ ಸೈಕಲ್ ತುಳಿಯುತ್ತ ಯಾವಾಗಲೂ ನನ್ನ ಸೈಕಲ್ಲಿನ ಹಿಂದೆಯೇ ಬರುತ್ತಿದ್ದರು. ಮುಂದೆ ಹೋಗಿರಿ ಎಂದರೆ ಕೇಳುತ್ತಿರಲಿಲ್ಲ. "ಹರೇದವ್ರು ಮುಂದಿರ್ರಿ, ನಾ ಹಿಂದ ಕಾಯ್ಕೋತ ಬರ್ತೇನಿ" ಎನ್ನುತ್ತಿದ್ದರು.

ಕಾಕಾ ಸೇರಿ ನಾವು ಐದು ಜನ. ಶನಿವಾರ ಸಂಜೆ ಸವಣೂರಿನಿಂದ ಹತ್ತಿಮತ್ತೂರಿನ ರಸ್ತೆ ಹಿಡಿದು, ದಾರಿಯ ಖಾನಾವಳಿಯಲ್ಲಿ ಕಟಕ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡು ಬರುತ್ತಿದ್ದೆವು. ಕಾಕಿ ತೀರಿಕೊಂಡ ಮೇಲೆ ವಾರದಲ್ಲಿ ಅವರು ನಾಲ್ಕು ಜನರೊಂದಿಗೆ ಕೂತು ಉಣ್ಣುವ ಊಟ ಅದೊಂದೇ.

ಒಂದು ವರ್ಷ ಅವರು ಎತ್ತು ಮಾರಿದರು. ಉಳಿದ ಗೆಜ್ಜೆಯನ್ನು ತಂದು ನನ್ನ ಕ್ಯಾರಿಯರ್‌ಗೆ ಕಟ್ಟಿದರು. ಗೆಳೆಯರು ನನ್ನನ್ನು ಹೋರಿ ಎಂದು ಕಾಡತೊಡಗಿದರು. ಬಿಚ್ಚಲು ಹೋದರೆ ಕಾಕಾ ಕೈ ಹಿಡಿದರು. "ಇರ್ಲಿ ಬಿಡೋ ಮಂಜ್ಯಾ. ಸಪ್ಪಳ ಇದ್ರ ದಾರಿ ಬ್ಯಾಸರಾಗಂಗಿಲ್ಲ." ನನ್ನ ಮೇಲೆ ಪ್ರೀತಿ ಹೆಚ್ಚು ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ.

ಒಂದು ಶನಿವಾರ ಊಟದ ನಡುವೆ ಖಾನಾವಳಿಯ ಮಿಣುಕು ಬಲ್ಬೂ ಆರಿತು. ಗವ್ವೆನ್ನುವ ಕತ್ತಲು. ನಮ್ಮ ಕೈಗಳು ತಾಟಿನಲ್ಲೇ ನಿಂತವು. ಕಾಕಾ ರೊಟ್ಟಿ ಮುರಿಯುವ ಸಪ್ಪಳ ಮಾತ್ರ ನಿಲ್ಲಲಿಲ್ಲ.

"ಬದನಿಕಾಯಿ ಭಾರಿ ಆಗೇತಿ. ಮಂಜ್ಯಾ, ಚಟ್ನಿ ಈ ಕಡೆ ಸರಸು. ಯಾಕ್ರೋ, ಎಲ್ಲಾರೂ ಒಮ್ಮೆಲೇ ಸುಮ್ಮಾದ್ರಿ?"

"ಕಾಕಾ, ಕರೆಂಟ್ ಹೋಗೇತ್ರಿ" ಎಂದೆ.

ರೊಟ್ಟಿಯ ಸಪ್ಪಳ ನಿಂತಿತು. "ಹೌದೇನು?" ಎಂದರು. ಕೈಯಲ್ಲಿದ್ದ ತುಂಡನ್ನು ತಾಟಿಗಿಟ್ಟು, "ಹೊತ್ತು ಮುಣುಗಿದ ಮ್ಯಾಲ ನನಗೇನೂ ಕಾಣಂಗಿಲ್ಲೋ. ವರ್ಷಾತು" ಎಂದರು.

ಲಾರಿ, ಟ್ರ್ಯಾಕ್ಟರ್ ಓಡಾಡುವ ರಸ್ತೆ. ವರ್ಷವಿಡೀ ಈ ಮನುಷ್ಯ ಗೆಜ್ಜೆಯ ಸಪ್ಪಳವನ್ನೇ ನಂಬಿ ನನ್ನ ಬೆನ್ನ ಹಿಂದೆ ಬಂದಿದ್ದರು! ನನಗೆ ಸಿಟ್ಟು ಬಂತು. "ನಾ ತೆಗ್ಗಿಗೆ ಬಿದ್ದಿದ್ರ ಏನ್ ಮಾಡ್ತಿದ್ರಿ?" ಎಂದು ಕೂಗಿಬಿಟ್ಟೆ.

"ನಾನೂ ಬೀಳ್ತಿದ್ದೆ. ಮನ್ಯಾಗ ಒಬ್ಬನ ಕುಂತು ಉಣ್ಣೂದಕ್ಕಿಂತ ಅದು ಚಲೋ."

ಅಂದು ಎಲ್ಲರೂ ಸೈಕಲ್ ತಳ್ಳಿಕೊಂಡೇ ಊರಿಗೆ ಬಂದೆವು. "ನಡಕೋತ ಬರೂದಿದ್ರ ಸೈಕಲ್ ಯಾಕ ತಂದ್ರಿ?" ಎಂದು ಕಾಕಾ ದಾರಿಯುದ್ದಕ್ಕೂ ಬೈದರು. ಆ ವಾರವೇ ಮಗಳು ಬಂದು ಅವರನ್ನು ಹುಲಗೂರಿಗೆ ಕರೆದುಕೊಂಡು ಹೋದಳು.

ಮುಂದೆ ಏನೋ ಕೆಲಸದ ಮೇಲೆ ಹುಲಗೂರಿಗೆ ಹೋದವನು ಅವರನ್ನು ಕಂಡೆ. ಹಾಡಹಗಲು, ಎದುರಿಗೇ ನಿಂತಿದ್ದೆ. ನಾನು ಮಾತಾಡುವವರೆಗೂ ಅವರಿಗೆ ಗುರುತು ಸಿಗಲಿಲ್ಲ. "ಗೆಜ್ಜಿ ಕೇಳಲಿಲ್ಲಲ್ಲೋ, ಎದರ ಮ್ಯಾಲ ಬಂದಿ?" ಎಂದರು.

"ಬೈಕ್ ಮ್ಯಾಲ್ರಿ. ಮುಂದಿನ ಸಲ ಎಲ್ಲಾರೂ ಸೈಕಲ್ ಮ್ಯಾಲ ಬರ್ತೇವಿ. ಇಲ್ಲೇ ಉಣ್ತೇವಿ."

"ಬರ್ರಿ, ರೊಟ್ಟಿ ಮಾಡಸ್ತೇನಿ."

ಹೇಳಿದಂತೆ ನಾಲ್ವರೂ ಸೈಕಲ್ ಮೇಲೆಯೇ ಹೋದೆವು, ಅವರ ಮಣ್ಣಿಗೆ. ಗೆಜ್ಜೆ ಬಿಚ್ಚಿಡಬೇಕೆಂದು ನನಗೆ ತೋಚಿರಲಿಲ್ಲ. ಓಣಿಯ ತುಂಬ ಅದೇ ಸಪ್ಪಳ. ಹೆಣದ ಪಕ್ಕ ಕೂತಿದ್ದ ಮಗಳು ತಲೆಯೆತ್ತಿದಳು.

"ಅಪ್ಪಾ, ನಿನ್ನ ಸೈಕಲ್ಲಿನವ್ರು ಬಂದ್ರು ನೋಡು" ಎಂದಳು.